ಪಕ್ಕದಿಂದ ಕೊಟ್ಟ ಚಹಾ

ಶ್ರೀಪತಿ ರಾಯರು ಯಾರಿಗೂ ಎದುರಿನಿಂದ ಚಹಾ ಕೊಡುತ್ತಿರಲಿಲ್ಲ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಲೋಟ ಹಿಡಿದು ಅವರ ಭುಜದ ಪಕ್ಕಕ್ಕೆ ಸರಿದು, ಕೈ ಚಾಚಿ ಸುಮ್ಮನೆ ನಿಂತುಬಿಡುತ್ತಿದ್ದರು. ಇದೆಂಥ ಮರ್ಯಾದೆ ಎಂದು ನನಗೆ ಮೊದಮೊದಲು ನಗು ಬರುತ್ತಿತ್ತು.

ಹಾಸನದಿಂದ ದೆಹಲಿಗೆ ಹೋದಾಗ ನನಗೆ ಇಪ್ಪತ್ತನಾಲ್ಕು. ಲಕ್ಷ್ಮೀ ನಗರದಲ್ಲಿ, ಕೋಚಿಂಗ್ ಸೆಂಟರುಗಳ ಬೋರ್ಡುಗಳಿಂದಾಗಿ ಬಿಸಿಲೇ ಇಳಿಯದ ಗಲ್ಲಿಯೊಂದರಲ್ಲಿ ಬಾಡಿಗೆ ಕೋಣೆ. ಕೆಲಸ ಯಮುನೆಯ ಆಚೆ, ಬೀದಿಯಲ್ಲಿ ಮಲಗುವವರಿಗೆಂದು ಸಂಸ್ಥೆಯೊಂದು ನಡೆಸುತ್ತಿದ್ದ ಆಶ್ರಯಮನೆಯಲ್ಲಿ. ಹಾಸಿಗೆ ಕಡಿಮೆ, ಬರುವವರು ಜಾಸ್ತಿ. ಹಾಗಾಗಿ ನಾಲ್ಕು ಪುಟದ ಫಾರಂ ಇತ್ತು. ಎಷ್ಟು ವರ್ಷದಿಂದ ಬೀದಿಯಲ್ಲಿದ್ದೀರಿ, ಕಾಯಿಲೆ ಏನು, ಕಣ್ಣು ಎಷ್ಟು ಕಾಣುತ್ತದೆ? ಒಂದೊಂದು ಉತ್ತರಕ್ಕೂ ಅಂಕ. ಅಂಕ ಜಾಸ್ತಿ ಬಂದವರಿಗೆ ಕಾಯಂ ಹಾಸಿಗೆ, ಉಳಿದವರು ಮತ್ತೆ ಫ್ಲೈಓವರ್ ಕೆಳಗೆ. ಕಷ್ಟಕ್ಕೂ ಮಾರ್ಕ್ಸ್ ಕಾರ್ಡ್ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿಯೇ. ಅದನ್ನು ತುಂಬುವ ಕೈ ನನ್ನದಾಗಿತ್ತು.

ರಾಯರು ಮೈಸೂರಿನ ಕಡೆಯವರು. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾಗಿ, ನನ್ನ ಹಿಂದಿನ ಗಲ್ಲಿಯಲ್ಲೇ ಇದ್ದರು. ಪ್ರತಿ ಬುಧವಾರ ಬೆಳಿಗ್ಗೆ ಬಸ್ಸು ಹಿಡಿದು ಬಂದು ಪುಕ್ಕಟೆ ಪರೀಕ್ಷೆ ಮಾಡುತ್ತಿದ್ದರು. ಕಂಕುಳಲ್ಲಿ ಸುತ್ತಿದ ಚಾರ್ಟು, ಜೇಬಿನಲ್ಲಿ ದೂರ ಅಳೆಯಲು ಆರು ಮೀಟರ್ ದಾರ. ಚಾರ್ಟಿನಲ್ಲಿ ಇಂಗ್ಲಿಷಿನ 'ಇ' ಅಕ್ಷರ ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಿತ್ತು. ಓದು ಬಾರದವರು ಅದರ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಆದರೆ ರಾಯರಿಗೆ ಆ ಚಾರ್ಟಿನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಗೇಟಿನ ಎದುರು ಕುರ್ಚಿ ಹಾಕಿಕೊಂಡು ಕೂತು, ಯಾರಾದರೂ ಗೇಟು ದಾಟಿದರೆ ಮಾತು ನಿಲ್ಲಿಸಿ ನೋಡುತ್ತಿದ್ದರು.

"ಅವರ ಕಾಲು ನೋಡಮ್ಮ," ಎನ್ನುತ್ತಿದ್ದರು. "ಗೇಟಿಂದ ಕುರ್ಚಿವರೆಗೆ ಹೇಗೆ ಬರ್ತಾರೆ ನೋಡು. ಅರ್ಧ ಪರೀಕ್ಷೆ ಅಲ್ಲೇ ಮುಗೀತು."

ಒಂದು ಬುಧವಾರ ಶಾಂತಿ ಎಂಬ ಮುದುಕಿ ಬಂದಳು. ಆರು ಮೀಟರ್ ದೂರದಿಂದ ಕೊನೆಯ ಸಾಲಿನವರೆಗೂ ಪಟಪಟನೆ ಕೈ ತೋರಿಸಿದಳು. "ಸಬ್ ದಿಖ್ತಾ ಹೈ, ಬೇಟಿ," ಎಂದು, ಎಲ್ಲವೂ ಕಾಣುತ್ತದೆ ಎಂಬ ಹೆಮ್ಮೆಯಿಂದ ನಕ್ಕಳು. ಕಣ್ಣಿನ ಕಾಲಂನಲ್ಲಿ ನಾನು ಸೊನ್ನೆ ಬರೆದೆ. ಆ ಸೊನ್ನೆಯಿಂದ ಅವಳ ಹಾಸಿಗೆ ತಪ್ಪುತ್ತಿತ್ತು.

ರಾಯರು ಪಕ್ಕದಲ್ಲಿ ಲೋಟ ಚಾಚಿ ನಿಂತರು. ಅವಳು ಹಿಡಿಯಲಿಲ್ಲ. ಇನ್ನೊಂದು ಪಕ್ಕಕ್ಕೆ ಹೋದರು. ಆಗಲೂ ಹಿಡಿಯಲಿಲ್ಲ. ಚಹಾದ ವಾಸನೆಗೆ ಮೂಗು ಅರಳಿಸುತ್ತಾ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಲೋಟ ಮೂಗಿನ ನೇರಕ್ಕೆ ಬಂದಾಗ ಬೆಚ್ಚಿಬಿದ್ದು, "ಅರೇ!" ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎದುರಿಗಿರೋದು ಮಾತ್ರ ಕಾಣುತ್ತೆ. ಸುತ್ತ ಎಲ್ಲಾ ಹೋಗಿಬಿಟ್ಟಿದೆ," ಎಂದರು ರಾಯರು. "ಮೊಣಕಾಲ ಕೆಳಗೆ ಗಾಯ ನೋಡು. ರಸ್ತೆ ದಾಟುವಾಗ ಪಕ್ಕದಿಂದ ಬರೋ ಬಸ್ಸು ಇವಳಿಗೆ ಇಲ್ಲವೇ ಇಲ್ಲ."

ಮ್ಯಾನೇಜರ್ ಮೇಡಂ ಕೆಟ್ಟವರಲ್ಲ, ಆದರೆ ಫಾರಂ ಬಿಟ್ಟು ಒಂದಿಂಚು ಕದಲುವವರಲ್ಲ. "ಚಾರ್ಟ್ ಪೂರಾ ಪಢ್ ಲಿಯಾ ನಾ?" ಎಂದರು, ಪೂರ್ತಿ ಓದಿದ್ದಾಳೆ, ಇನ್ನೇನು ಎಂಬಂತೆ. ರಾಯರು ವಾದಕ್ಕೆ ಇಳಿಯಲಿಲ್ಲ. ಹಳೆಯ ಪತ್ರಿಕೆಯ ಎರಡು ಹಾಳೆಗಳನ್ನು ಎರಡು ಸಣ್ಣ ಕೊಳವೆಗಳಂತೆ ಸುತ್ತಿ, "ಇವನ್ನ ಎರಡು ಕಣ್ಣಿಗೂ ಹಿಡ್ಕೊಂಡು ಗೇಟಿಂದ ನಿಮ್ಮ ಕುರ್ಚಿಗೆ ಬನ್ನಿ, ಮೇಡಂಜೀ," ಎಂದು ತಮ್ಮ ಮೈಸೂರು ಹಿಂದಿಯಲ್ಲಿ ವಿನಂತಿಸಿದರು. ಮೇಡಂ ನಗುತ್ತಲೇ ಹೊರಟರು. ಹತ್ತು ಹೆಜ್ಜೆಗೆ ಬಕೆಟ್ಟು ಉರುಳಿತು, ಹದಿನೈದಕ್ಕೆ ಮೆಟ್ಟಿಲು ತಪ್ಪಿತು. ಅಂಗಳದವರೆಲ್ಲ ಕೇಕೆ ಹಾಕಿದರು. ಮೇಡಂ ಕೊಳವೆ ಇಳಿಸಿ ಶಾಂತಿಯನ್ನು ಬಹಳ ಹೊತ್ತು ನೋಡಿದರು.

ಶಾಂತಿಗೆ ಹಾಸಿಗೆ ಸಿಕ್ಕಿತು. ಮುಂದಿನ ತಿಂಗಳು ಅಚ್ಚಾಗಿ ಬಂದ ಫಾರಂನಲ್ಲಿ ಹೊಸ ಪ್ರಶ್ನೆಯೊಂದಿತ್ತು: ಪಕ್ಕದಿಂದ ಕೊಟ್ಟ ಲೋಟವನ್ನು ಹಿಡಿಯುತ್ತಾರೆಯೇ? ರಾಯರು ಅದನ್ನು ಓದಿ ಮಗುವಿನ ಹಾಗೆ ಹಿಗ್ಗಿದರು.

ಎರಡು ವರ್ಷದ ನಂತರ ಅವರು ಬರುವುದು ನಿಂತಿತು. ಮಂಡಿ ನೋವು ಎಂದು ಫೋನಿನಲ್ಲಿ ಹೇಳಿದರು. ನಾಲ್ಕು ಬುಧವಾರ ಅವರ ಖಾಲಿ ಕುರ್ಚಿ ನೋಡಿ ನನಗೆ ತಡೆಯಲಾಗಲಿಲ್ಲ. ಕರೆದುಕೊಂಡೇ ಬರುತ್ತೇನೆ ಎಂದು ಒಂದು ಭಾನುವಾರ ಅವರ ಮನೆಗೆ ಹೋದೆ. ಕಿಟಕಿಯ ಎದುರು ಕೂತಿದ್ದರು. "ಬಾಮ್ಮ, ಬಾ," ಎಂದರು. ಅವರ ಹೆಂಡತಿ ಚಹಾ ಮಾಡಿ ಎರಡು ಲೋಟ ನನ್ನ ಕೈಗಿತ್ತರು. ಮಾತಿನ ಭರದಲ್ಲಿ ಒಂದನ್ನು ರಾಯರ ಎಡಗಡೆಯಿಂದ ಚಾಚಿದೆ.

ಲೋಟ ಹಾಗೇ ಗಾಳಿಯಲ್ಲಿ ಉಳಿಯಿತು. ಅವರು ಕಿಟಕಿ ನೋಡುತ್ತಾ ಶಾಂತಿಯ ಆರೋಗ್ಯ ವಿಚಾರಿಸುತ್ತಿದ್ದರು. ನನ್ನ ಬೆರಳು ಸುಡುತ್ತಿತ್ತು. ಮೆಲ್ಲಗೆ ಬಲಗಡೆಗೆ ಹೋದೆ. ಅಲ್ಲೂ ಅಷ್ಟೇ. ನನ್ನ ಉತ್ತರ ನಿಂತುಹೋದದ್ದನ್ನು ಅವರು ಗಮನಿಸಿದರು.

"ಎಷ್ಟು ಹೊತ್ತಿಂದ ಹಿಡ್ಕೊಂಡಿದ್ದೀಯ?" ಎಂದರು.

ನನಗೆ ಅಳು ಬಂದುಬಿಟ್ಟಿತು. "ಮಂಡಿ ನೋವು ಅಂದಿರಲ್ಲ ರಾಯರೇ."

"ಬರೋರ ಕಾಲೇ ಕಾಣದವನು ಗೇಟಿಗೆ ಕೂತು ಏನು ಮಾಡ್ಲಮ್ಮ? ಡ್ರಾಪ್ಸ್ ಹಾಕ್ಕೊಳ್ತಿದ್ದೀನಿ, ಇರೋದು ಉಳಿದ್ರೆ ಸಾಕು." ಆಮೇಲೆ, ಹಳೆಯ ತುಂಟ ದನಿಯಲ್ಲಿ, "ಫಾರಂ ತಂದಿದ್ರೆ ಬರ್ಕೋ. ಹಿಡಿಯಲಿಲ್ಲ ಅಂತ. ನೀನು ಪರೀಕ್ಷೆ ಸರಿಯಾಗೇ ಮಾಡ್ದೆ."

ನಾನು ಎದುರಿಗೆ ಬಂದು ಲೋಟ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡರು. ಮರುವರ್ಷ ಅವರು ತೀರಿಹೋದಾಗ ನಾನು ಊರಲ್ಲಿದ್ದೆ, ಕೊನೆಯ ಸಲ ನೋಡಲಾಗಲಿಲ್ಲ. ಬುಧವಾರಗಳಂದು ಗೇಟಿನ ಎದುರಿನ ಆ ಕುರ್ಚಿಯಲ್ಲಿ ಮಾತ್ರ, ಆ ಭಾನುವಾರದ ನಂತರ, ನಾನೇ ಕೂರುತ್ತಿದ್ದೆ.