ಟಿಟ್ಟಿಭಕ್ಕೆ ಹಿಡಿದ ನೆರಳು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಒಂದು ಬೇಸಿಗೆಯಿಡೀ ನನಗೆ ಮಾತಾಡಲು ಯಾರೂ ಇರಲಿಲ್ಲ. ಅಮ್ಮನ ಮುಖ ನನಗೆ ನೆನಪಿಲ್ಲ. ನನ್ನನ್ನು ಸಾಕಿದವಳು ಅಕ್ಕ. ಅವಳು ಮದುವೆಯಾಗಿ ಮುಡುಕುತೊರೆಗೆ ಹೋಗಿದ್ದಳು. ಅಪ್ಪ ಬೆಳಗಿನ ಪಾಳಿಗೆ ಮಿಲ್ಲಿಗೆ ಹೋದರೆ, ನಂಜನಗೂಡಿನ ನಮ್ಮ ಪುಟ್ಟ ಮನೆಯಲ್ಲಿ ನನ್ನ ಉಸಿರೇ ನನಗೆ ಕೇಳಿಸುತ್ತಿತ್ತು. ಬಾಗಿಲಿಗೆ ಚಿಲಕ ಹಾಕಿ ಹೊಳೆ ಹತ್ತಿರದ ಪಾರ್ಕಿಗೆ ಹೋಗಿ ಕೂರುತ್ತಿದ್ದೆ.

ಪಾರ್ಕೆಂದರೆ ಒಂದಷ್ಟು ಹೊಂಗೆಮರ, ಒಣಗಿದ ಹುಲ್ಲು, ಕಾದ ಜಲ್ಲಿನೆಲ. ಆ ಜಲ್ಲಿಯ ಮೇಲೆಯೇ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಯಿಟ್ಟಿತ್ತು. ಗೂಡಿಲ್ಲ, ಮರೆಯಿಲ್ಲ. ಮಣ್ಣಿನ ಬಣ್ಣದ ಮೊಟ್ಟೆಗಳ ಮೇಲೆ ಕಪ್ಪು ಚುಕ್ಕೆ. ಕಲ್ಲೋ ಮೊಟ್ಟೆಯೋ ತಿಳಿಯದು. ಹಳದಿ ಕಾಲಿನ ಆ ಹಕ್ಕಿಯನ್ನು ದಿನವೂ ಮರದಡಿ ಕೂತು ನೋಡುತ್ತಿದ್ದೆ. ಆ ಬೇಸಿಗೆಯಲ್ಲಿ ನನಗಿದ್ದ ಜೊತೆ ಅದೊಂದೇ.

ಒಂದು ದಿನ ಪಾರ್ಕಿಗೆ ಮೇಕೆಗಳು ನುಗ್ಗಿದವು. ಹಕ್ಕಿ ಕಿರುಚುತ್ತಾ ಮೇಲೆದ್ದಿತು. ನಾನು ಓಡಿಹೋಗಿ ಮೇಕೆಗಳನ್ನು ಅಟ್ಟಿದೆ. ಆದರೂ ಹಕ್ಕಿ ಕೆಳಗಿಳಿಯಲಿಲ್ಲ. ಬಿಸಿಲಿಗೆ ಮೊಟ್ಟೆಗಳು ಬೆಂದೇಹೋಗುತ್ತವೆ ಎಂದು ಹೆದರಿ, ಲಂಗ ಅಗಲಿಸಿ ನೆರಳು ಹಿಡಿದು ನಿಂತೆ. ಅಂಗಾಲು ಸುಟ್ಟಿತು, ನಾಲಿಗೆ ಒಣಗಿತು. ಹಕ್ಕಿ ನನ್ನ ತಲೆಯ ಮೇಲೆ ಸುತ್ತುತ್ತಾ ಒಂದೇ ಸಮನೆ ಕೂಗಿತು. ಬೈಯುತ್ತಿರುವುದು ನನ್ನನ್ನೇ ಎಂದು ನನಗೆ ಹೊಳೆಯಲಿಲ್ಲ.

ಪಾಳಿ ಮುಗಿಸಿದ ಅಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಸುತ್ತುತ್ತಿದ್ದ ಹಕ್ಕಿಯನ್ನು ತಲೆಯೆತ್ತಿ ನೋಡಿದರು.

"ನೀನ್ ಇಲ್ಲಿರೋಗಂಟ ಅದು ಬರಾಕಿಲ್ಲ ಕಣವ್ವ," ಅಂದರು. "ಬುಟ್ಬುಡು. ಈ ಕಡೀಕ್ ಬಾ."

ಬಿಟ್ಟರೆ ಸತ್ತುಹೋಗುತ್ತವೆ ಎಂದು ಅತ್ತೆ. ಅಪ್ಪ ಕೈಹಿಡಿದು ಮರದಡಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು. ಹಕ್ಕಿ ಹೊಳೆಯತ್ತ ಹಾರಿತು. ಬಿಟ್ಟೇಹೋಯಿತು ಅಂದುಕೊಂಡೆ. ತುಸು ಹೊತ್ತಿಗೆ ಹೊಟ್ಟೆಯ ಗರಿಗಳಲ್ಲಿ ನೀರು ತೊಟ್ಟಿಕ್ಕಿಸುತ್ತಾ ಮರಳಿ ಬಂದು, ಆ ತಂಪಿನೊಂದಿಗೇ ಮೊಟ್ಟೆಗಳ ಮೇಲೆ ಮೆಲ್ಲಗೆ ಕೂತಿತು. ನನ್ನ ನೆರಳು ಅದಕ್ಕೆ ಬೇಕಿರಲಿಲ್ಲ. ನನಗೆ ಸಂತೋಷವೂ ಆಯಿತು, ಯಾರಿಗೂ ಬೇಡವಾದಂತೆಯೂ ಅನಿಸಿತು.

ಅಪ್ಪನೂ ಅಲ್ಲಿಂದ ಏಳಲಿಲ್ಲ. ಅಕ್ಕನ ಮದುವೆಯಾದ ಮೇಲೆ ಒಮ್ಮೆಯೂ ಅವಳ ಮಾತೆತ್ತದಿದ್ದವರು, "ನಿಮ್ಮಕ್ಕ ಇದ್ದಿದ್ರೆ ತೋರಿಸ್ಬೋದಿತ್ತು," ಎಂದರು.

ಈಗ ನೀವು ಅದೇ ಪಾರ್ಕಿನಲ್ಲಿ ಹಕ್ಕಿ ಕಂಡ ಕೂಡಲೇ ಫೋಟೊ ತೆಗೆದು ಕಳಿಸುತ್ತೀರಿ. ಅದು ಹಾರುವ ಮೊದಲೇ ಮೈಸೂರಿನಲ್ಲಿರುವ ನಿಮ್ಮ ಅಕ್ಕ ನೋಡಿರುತ್ತಾಳೆ. ನನ್ನ ಅಕ್ಕ ಬಂದದ್ದು ಮಳೆ ಬಿದ್ದ ಮೇಲೆ. ಅವಳು ಚೀಲ ಇಳಿಸುವ ಮೊದಲೇ ಪಾರ್ಕಿಗೆ ಎಳೆದೊಯ್ದೆ. ಮರಿಗಳು ಬಲಿತು ಹಾರಿಹೋಗಿದ್ದವು. ಅಕ್ಕ ಬಗ್ಗಿ, ನಾನು ಬೆರಳಿಟ್ಟು ತೋರಿಸಿದ ಬರೀ ಜಲ್ಲಿಯನ್ನು ಬಹಳ ಹೊತ್ತು ನೋಡಿದಳು.