ಪರದೆಯ ಮೇಲಿನ ಬಾವಿ

ಫೋಟೋ ಕಾಕಾನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ವರ್ಷಗಟ್ಟಲೆ ಕ್ಯಾಮೆರಾದೊಳಗೆ ಇಣುಕಿ ಇಣುಕಿ ಆ ರೆಪ್ಪೆ ಪೂರ್ತಿ ತೆರೆಯುವುದನ್ನೇ ಮರೆತಿತ್ತು. ಚಹಾ ಕುಡಿಯುವಾಗಲೂ, ಕಾಯಿಪಲ್ಲೆಯವಳ ಜೊತೆ ವಾದ ಮಾಡುವಾಗಲೂ ಹಾಗೆಯೇ. ನಮ್ಮನ್ನು ನೋಡುತ್ತಿದ್ದಾನೋ, ನಮ್ಮ ಹಿಂದಿರುವುದನ್ನೋ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಹಿಂದೆ ಇರುತ್ತಿದ್ದದ್ದು ಸಮುದ್ರ. ಬಯಲುಸೀಮೆಯ ಜಲನಗರದಲ್ಲಿ ನಮ್ಮ ಓಣಿಯ ತುದಿಗಿದ್ದ ಆತನ ಸ್ಟುಡಿಯೋದಲ್ಲಿ ಗೋಡೆಯಗಲದ ಪರದೆಯೊಂದಿತ್ತು. ಅದರಲ್ಲಿ ನೀಲಿ ಕಡಲು, ಕಪ್ಪುಬಿಳಿ ಪಟ್ಟೆಯ ದೀಪಸ್ತಂಭ. ಸ್ತಂಭದಿಂದ ನೀರಿನ ಕಡೆಗೆ ಒಂದು ಹೆಂಚಿನ ಮನೆ, ಬಾವಿ, ಬಾವಿಯ ಮೇಲೆ ಬಾಗಿದ ತೆಂಗಿನ ಮರ. ಬಬಲೇಶ್ವರದ ಹೊಸ ಜೋಡಿಗಳು, ಹೊನವಾಡದ ದ್ರಾಕ್ಷಿ ತೋಟದವರು, ನಾನು, ನನ್ನ ಹೆಂಡತಿ, ಎಲ್ಲರೂ ಅದರ ಮುಂದೆ ನಿಂತವರೇ. ಯಾರಾದರೂ ಮೋರೆ ಬಿಗಿದುಕೊಂಡರೆ ಕಾಕಾ, “ಬೆನ್ನಿಗೆ ಗಾಳಿ ಬಡ್ಯಾಕತ್ತೈತಿ ಅಂತ ತಿಳ್ಕೋರಿ” ಅನ್ನುತ್ತಿದ್ದ. ನಂಬುತ್ತೀರೋ ಇಲ್ಲವೋ, ಗಾಳಿ ಬೀಸಿದಂತೆಯೇ ಆಗುತ್ತಿತ್ತು. ಭುಜ ಸಡಿಲಾಗುತ್ತಿತ್ತು, ಹೆಂಗಸರ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಆಗ ಕ್ಲಿಕ್ಕಿಸುತ್ತಿದ್ದ.

ಪರದೆ ಬರೆದವನು ಕಾಕಾನ ಅಪ್ಪ, ಬೋರ್ಡು ಬರೆಯುವ ಪೇಂಟರ್. ಪ್ರಾಯದಲ್ಲಿ ಕರಾವಳಿಯ ಒಂದು ಊರಿಗೆ ಹೋಗಿದ್ದೆ, ಆ ಬಾವಿಯ ಸಿಹಿನೀರು ಕುಡಿದು ಬಂದು ಬರೆದೆ ಎಂದು ಹೇಳಿಕೊಳ್ಳುತ್ತಿದ್ದನಂತೆ. ಓಣಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮ ಕಡೆ ನಡುಹೊಲದ ಬಾವಿಗೇ ಸವಳು ನೀರು. ಸಮುದ್ರದ ದಂಡೆಯಲ್ಲಿ ಸಿಹಿ ಎಲ್ಲಿಂದ ಬರಬೇಕು? ಕ್ಯಾಲೆಂಡರ್ ನೋಡಿ ಬರೆದದ್ದೆಂದು ತೀರ್ಮಾನವಾಯಿತು. ಒಮ್ಮೆ ಸಿಟ್ಟಿನಲ್ಲಿ ಕಾಕಾ ಕೂಡ ಅಪ್ಪನ ಮುಖಕ್ಕೇ, “ನೀ ಸಮುದ್ರನ ನೋಡಿಲ್ಲ, ಬರೇ ಸುಳ್ಳ ಹೇಳ್ತಿ” ಅಂದುಬಿಟ್ಟ. ಅಪ್ಪ ಸಾಯುವವರೆಗೂ ಮತ್ತೆ ಆ ಊರಿನ ಹೆಸರೆತ್ತಲಿಲ್ಲ. ಇದನ್ನು ನನಗೆ ಹೇಳುವಾಗ ಕಾಕಾ ಲೆನ್ಸ್ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ.

ನಾನು ತಿಕೋಟಾದ ಶಾಲೆಯಲ್ಲಿ ಮಾಸ್ತರ. ಸಂಜೆಗಳಲ್ಲಿ ಆತನ ಬಳಿ ಕ್ಯಾಮೆರಾ ಕಲಿಯುತ್ತಿದ್ದೆ. ಒಂದು ದಿನ ಪತ್ರಿಕೆಯಲ್ಲಿ ಅದೇ ಊರಿನ ಸುದ್ದಿ ಬಂತು. ಕಡಲ್ಕೊರೆತ, ಹಳೆಯ ದೀಪಸ್ತಂಭದ ಬುಡಕ್ಕೆ ಅಲೆ ಬಂದು ಮುಟ್ಟಿದೆ.

“ಮಾಸ್ತರ, ಅದು ಬೀಳೂದ್ರಾಗ ಹೋಗಿ ಫೋಟೋ ತಗೊಂಡ ಬರೂಣ್ರಿ,” ಅಂದ ಕಾಕಾ. ಪರದೆಯನ್ನೂ ಸುತ್ತಿ ಹೆಗಲಿಗೇರಿಸಿದ. ತಾಳೆ ನೋಡಬೇಕಂತೆ! ಬಸ್ಸಿನಲ್ಲಿ ಕಂಡಕ್ಟರ್, “ಏನ್ ಕಾಕಾ ಇದು, ಟೆಂಟ್ ಏನು?” ಎಂದು ಕೇಳಿದ. “ಸಮುದ್ರ ಐತಿ ಯಪ್ಪಾ, ಸ್ವಲ್ಪ ಸರಿ,” ಎಂದು ಕಾಕಾ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ.

ದಂಡೆಗೆ ಹೋದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ. ನಡುವೆ ಆ ಪಟ್ಟೆಯ ಸ್ತಂಭ ತೇಲುತ್ತಿರುವಂತೆ ನಿಂತಿತ್ತು. ಚಿಕ್ಕಂದಿನಿಂದ ಕಂಡ ಕನಸಿನೊಳಗೆ ಚಪ್ಪಲಿ ಕಾಲಿನಲ್ಲೇ ನಡೆದುಬಂದಂತೆ ನನಗೆ ಭಯವಾಯಿತು. ನಾನು ಫೋಟೋದ ಮೇಲೆ ಫೋಟೋ ತೆಗೆದೆ. ಕಾಕಾ ಮಾತ್ರ ಸ್ತಂಭವನ್ನು ನೋಡಲೇ ಇಲ್ಲ. ಅದರ ಮುಂದಿನ ಜಾಗ ನೋಡುತ್ತಿದ್ದ. ಅಲ್ಲಿ ಮನೆಯಿರಲಿಲ್ಲ, ಬಾವಿಯಿರಲಿಲ್ಲ. ತಡೆಗೋಡೆಗೆ ಸುರಿದ ಕಲ್ಲು, ಕಲ್ಲಿನಾಚೆ ಬರೀ ನೀರು.

“ಕ್ಯಾಲೆಂಡರ್‌ ನೋಡೇ ಬರದಿರಬೇಕ್ರಿ, ಮಾಸ್ತರ,” ಎಂದು ಕಲ್ಲಿನ ಮೇಲೆ ಕೂತುಬಿಟ್ಟ.

ಪರದೆಗೆ ತೇವ ತಾಗಿತ್ತು. ಆರಲೆಂದು ನಾನೇ ಅದನ್ನು ಬೋರಲು ಹಾಕಿದ್ದ ದೋಣಿಯೊಂದರ ಮೇಲೆ ಹರವಿದೆ. ಹತ್ತಿರದಲ್ಲಿ ಮೀನು ಒಣಹಾಕುತ್ತಿದ್ದ ಮುದುಕಿ ಸುಮ್ಮನೆ ನೋಡಲು ಬಂದವಳು, ಬಾವಿಯ ಮೇಲೆ ಬೆರಳಿಟ್ಟು ಹಾಗೇ ನಿಂತಳು.

“ಇದು ನಮ್ಮ ಬಾವಿ ಮಾರಾಯ್ರೆ! ಈ ಮನೆಯಲ್ಲೇ ನಾನು ಹುಟ್ಟಿದ್ದು. ಯಾರು ಬರ್ದದ್ದು ಇದನ್ನು?” ಆಮೇಲೆ ನೀರಿನತ್ತ ಕೈಚಾಚಿದಳು. “ನೀರಲ್ಲಿ ಆ ದೋಣಿ ಉಂಟಲ್ಲ, ಅದರಿಂದಲೂ ಆಚೆ ಇತ್ತು. ಎಲ್ಲ ಕಡಲು ತಕೊಂಡು ಹೋಯ್ತು.”

ಕಾಕಾ ಎದ್ದು ಬಂದ. ಕೇಳಿದ್ದು ಒಂದೇ ಪ್ರಶ್ನೆ. “ಯವ್ವಾ, ಬಾವ್ಯಾಗಿನ ನೀರ ಹೆಂಗಿದ್ದೂವು?”

“ಸಿಹಿ. ಊರಿಡೀ ನಮ್ಮಲ್ಲಿಗೇ ಕುಡಿಯುವ ನೀರಿಗೆ ಬರ್ತಿತ್ತು.”

ಕಾಕಾ ಕಡಲಿನ ಕಡೆ ತಿರುಗಿ, “ಯಪ್ಪಾ, ತಪ್ಪಾತು,” ಅಂದ. ಅರ್ಧ ಮುಚ್ಚಿದ ಆ ಕಣ್ಣಿನಿಂದಲೇ ಮೊದಲು ನೀರಿಳಿಯಿತು. ನನಗೂ ತಡೆಯಲಾಗಲಿಲ್ಲ.

ಆಮೇಲೆ ಮುದುಕಿಯನ್ನು ಪರದೆಯ ಮುಂದೆ ನಿಲ್ಲಿಸಿದ. ಖರೇ ದೀಪಸ್ತಂಭ ಪಕ್ಕದಲ್ಲೇ ಇದೆಯಲ್ಲ ಎಂದೆ. “ಆಕಿ ಮನಿ ಇದ್ರಾಗ ಐತ್ರಿ,” ಅಂದ. ಕ್ಯಾಮೆರಾ ಎತ್ತಿ, ರೂಢಿಯಂತೆ “ಬೆನ್ನಿಗೆ ಗಾಳಿ” ಎನ್ನಹೋಗಿ ನಿಲ್ಲಿಸಿದ. ಗಾಳಿ ಆಕೆಯ ಸೆರಗನ್ನು ಆಗಲೇ ಹಾರಿಸುತ್ತಿತ್ತು.

ಅದೇ ವರ್ಷ ಕಾಕಾ ತೀರಿಕೊಂಡ. ಪರದೆ ಮಾಸ್ತರಿಗೆ ಎಂದು ಮನೆಯವರಿಗೆ ಹೇಳಿಟ್ಟಿದ್ದ. ಈಗ ನಮ್ಮ ಶಾಲೆ ಬಿಟ್ಟು ಹೋಗುವ ಮಕ್ಕಳ ಫೋಟೋ ಅದರ ಮುಂದೆಯೇ ತೆಗೆಯುತ್ತೇನೆ. ಮೊನ್ನೆ ಒಬ್ಬ ಜಾಣ ಹುಡುಗಿ ತಿರುಗಿ ನೋಡಿ, “ಸರ್, ಸಮುದ್ರದ ದಂಡಿಗೆ ಬಾವಿ ತೆಗದ್ರ ನೀರ ಸವಳ ಇರ್ತಾವ್ರಿ. ಇದನ್ನ ಬರದವ್ರು ಸುಳ್ಳ ಬರದಾರ,” ಅಂದಳು.

“ಇಲ್ಲವ್ವಾ, ಸಿಹಿ ಇದ್ದೂವು,” ಎಂದೆ. “ಬರದಾವ ಆ ನೀರ ಕುಡದ ಬಂದಾನ.”

ಎಡಗಣ್ಣು ಮುಚ್ಚಿ, ಕ್ಯಾಮೆರಾ ಎತ್ತಿದೆ.