ಐದೂಮುಕ್ಕಾಲು ಪೌಂಡಿನ ಕೋವಿ

ನನ್ನ ಗಂಡ ಡೆಲ್ಮರ್‌ನ ಅಕ್ಕ ಆರ್ವಿಲಾ ನಮ್ಮೂರ ಕುರ್ಚಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮರಗೆಲಸ ಮಾಡಿದಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದರೆ, “ಒಬ್ಬ ಬಂದಿದ್ದ. ಎದುರಿಗೆ ನಿಂತ ಹಸೂನೂ ತಪ್ಪಿಸಿ ಹೊಡೆಯೋ ಅಂಥವನು. ಅವನ್ನ ಕಟ್ಕೊಂಡು ಉಪವಾಸ ಬೀಳ್ಲಾ?” ಅನ್ನುತ್ತಿದ್ದಳು.

ಪೆನ್ಸಿಲ್ವೇನಿಯಾದ ನಮ್ಮ ಬೆಟ್ಟಗಳಲ್ಲಿ ಹುಟ್ಟಿದವರಿಗೆ ನವೆಂಬರ್ ಕೊನೆಯ ಆ ಸೋಮವಾರ ಏನೆಂದು ಹೇಳಬೇಕಾಗಿಲ್ಲ. ಜಿಂಕೆ ಬೇಟೆ ಶುರುವಾಗುವ ದಿನ. ಶಾಲೆಗೂ ರಜೆ, ಕಾರ್ಖಾನೆಗೂ ರಜೆ. ನಮ್ಮ ಮಾವ ಮತ್ತು ಅವರ ಸ್ನೇಹಿತರು ಸೇರಿ ಬೆಟ್ಟದ ಬುಡದಲ್ಲಿ ಕಟ್ಟಿದ ಬೇಟೆಮನೆಯಲ್ಲಿ ಹನ್ನೆರಡು ಮಂಚ. ಒಂದೊಂದು ಮಂಚಕ್ಕೂ ಒಬ್ಬೊಬ್ಬ ಬೇಟೆಗಾರ. ಮಾವ ತೀರಿಕೊಂಡಾಗ ಅವರ ಮಂಚ, ಅವರ ಕೋವಿ, ಬೆಟ್ಟದ ನೆತ್ತಿಯಲ್ಲಿ ಅವರು ಜಿಂಕೆಗಾಗಿ ಕಾದು ಕೂರುತ್ತಿದ್ದ ಬಂಡೆ ಮೂರೂ ಆರ್ವಿಲಾಳಿಗೆ ಬಂದವು. ಹನ್ನೊಂದು ಗಂಡಸರ ನಡುವೆ ಒಬ್ಬಳೇ ಹೆಂಗಸು. ಈ ಐಡಾಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಾನು ಅಡುಗೆಗೆ ಹೋಗುತ್ತಿದ್ದವಳು.

ಅವಳಿಗೆ ಐವತ್ತೆಂಟಾದ ವರ್ಷ ಎಡಗಡೆಯ ಎದೆಯಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು ಸ್ತನವನ್ನೂ ತೆಗೆದರು, ಕಂಕುಳಿನ ತನಕ ಕೆರೆದು ತೆಗೆದರು. ಜೀವ ಉಳಿಯಿತು. ಎಡಗೈ ಮಾತ್ರ ಹೆಗಲಿಗಿಂತ ಮೇಲೆ ಏಳದು, ಭಾರ ತಡೆಯದು. ಮಾವನ ಕೋವಿ ಒಂಬತ್ತು ಪೌಂಡು.

ಈಸ್ಟರ್ ಹಬ್ಬದ ಊಟಕ್ಕೆ ನಮ್ಮನೆಗೆ ಬಂದಿದ್ದಳು. ಹಂದಿಯ ತೊಡೆ ಕೊಯ್ಯುತ್ತಾ ನನ್ನ ಗಂಡ ಮಾತು ತೆಗೆದ.

“ಅಕ್ಕಾ, ಈ ಸಲ ನೀನು ಐಡಾ ಜೊತೆ ಅಡುಗೆಮನೇಲಿ ಬೆಚ್ಚಗೆ ಇದ್ಬಿಡು. ಮಂಚ ಇನ್ಯಾರಿಗಾದ್ರೂ ಕೊಡೋಣ. ಕಾಯೋರು ಎಷ್ಟೋ ಜನ ಇದಾರೆ.”

“ನನ್ನ ಅಡುಗೆ ತಿಂದ್ರೆ ಮಂಗಳವಾರದ ಹೊತ್ತಿಗೆ ಹನ್ನೆರಡು ಮಂಚಾನೂ ಖಾಲಿ ಆಗ್ತವೆ ಕಣೋ.”

“ತಮಾಷೆ ಬೇಡ. ತನ್ನ ಕೋವಿ ತಾನು ಹೊತ್ತು ಬೆಟ್ಟ ಹತ್ತೋಕಾಗದೇ ಇದ್ರೆ ಮಂಚ ಬಿಡಬೇಕು. ಅಪ್ಪಾನೇ ಮಾಡಿದ್ದು ಈ ಕಟ್ಟಳೆ.”

“ಹೊತ್ತು ಹತ್ತಬೇಕು ಅಂದ್ರು. ಒಂಬತ್ತು ಪೌಂಡು ಹೊರಬೇಕು ಅಂದ್ರಾ?”

ಅವಳ ತಲೆಯಲ್ಲಿ ಏನಿದೆ ಎಂದು ಡೆಲ್ಮರ್‌ಗೆ ಹೊಳೆದದ್ದೇ ಚಾಕು ಕೆಳಗಿಟ್ಟ. “ಅಪ್ಪನ ಕೋವಿಗೆ ಗರಗಸ ಇಟ್ಟೆಯೋ, ಆ ಬೇಟೆಮನೆ ಬಾಗಿಲಿಗೆ ಬರಬೇಡ. ಹೇಳಿದೀನಿ.”

“ಹೇಳಿದೀಯ. ಕೇಳಿಸ್ಕೊಂಡೆ. ಐಡಾ, ಆಲೂಗಡ್ಡೆ ಇತ್ತ ಕೊಡು,” ಅಂದಳು ಆರ್ವಿಲಾ.

ಮರುವಾರವೇ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹರ್ಷೆಲ್ ಹತ್ತಿರ ಹೋದಳು. ಹರ್ಷೆಲ್ ನಮ್ಮ ಕಡೆಯ ಕೋವಿ ರಿಪೇರಿಯವನು, ಎಪ್ಪತ್ತು ದಾಟಿದವನು. ನಾನೂ ಜೊತೆಗಿದ್ದೆ. ಡೆಲ್ಮರ್‌ಗೆ ಬಟ್ಟೆ ಅಂಗಡಿಗೆ ಹೋಗುತ್ತೇನೆ ಎಂದಿದ್ದೆ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಆಡಿದ ದೊಡ್ಡ ಸುಳ್ಳು ಅದೇ.

“ಕೋವಿಯ ನಳಿಕೆ ಗಿಡ್ಡ ಮಾಡಿ, ಸಣ್ಣಗೆ ಮಾಡಿ ಕೊಡು. ಮರದ ಕೆಲಸ ನಂದು. ಆರು ಪೌಂಡಿನ ಒಳಗೆ ಇರಬೇಕು.”

ಹರ್ಷೆಲ್ ಗಲ್ಲ ಕೆರೆದುಕೊಂಡ. “ಅಷ್ಟು ಹಗುರ ಆದ್ರೆ ಒದೆಯುತ್ತೆ ಕಣಮ್ಮಾ, ಕತ್ತೆ ಒದ್ದ ಹಾಗೆ.”

“ಒದೆಯಲಿ ಬಿಡು. ಆಸ್ಪತ್ರೇಲಿ ಮಲಗಿಸಿ ಒದ್ದೋರಿಗಿಂತ ಜೋರಾಗಿ ಒದೆಯೋಕೆ ಅದರಿಂದ ಆಗಲ್ಲ.”

ಕೋವಿಯ ಮರದ ಭಾಗಕ್ಕೆ ಅವಳು ಹಿತ್ತಿಲಿನ ಕಪ್ಪು ವಾಲ್‌ನಟ್ ಮರದ ಹಲಗೆ ತೆಗೆದಳು. ಏಳು ವರ್ಷದಿಂದ ಅಟ್ಟದ ಮೇಲೆ ಒಣಗುತ್ತಿದ್ದದ್ದು. ಜೂನ್, ಜುಲೈ ಎರಡು ತಿಂಗಳೂ ಅಡುಗೆಮನೆಯ ಮೇಜೇ ಅವಳ ಕಾರ್ಖಾನೆ. ಎಡಗೈ ಹಿಡಿತ ಸಾಲದ್ದಕ್ಕೆ ಮರವನ್ನು ಮೇಜಿಗೆ ಬಿಗಿದು ಬಲಗೈಯೊಂದರಲ್ಲೇ ಕೆತ್ತಿದಳು. ಹೊರಗಡೆ ತೆಳ್ಳಗೆ ಮಾಡಿದಳು, ಕಣ್ಣಿಗೆ ಬೀಳದ ಕಡೆ ಒಳಗೆ ತೋಡಿದಳು. ಹಿಟ್ಟು ತೂಗುವ ತಕ್ಕಡಿ ಪಕ್ಕದಲ್ಲೇ ಇರುತ್ತಿತ್ತು. ನಾಲ್ಕು ಸಲ ಉಳಿ ಆಡಿಸುವುದು, ತೂಗುವುದು. ಎಷ್ಟು ಎಂದು ನಾನು ಕೇಳಿದರೆ, “ಇನ್ನೂ ಒಂದು ಬನ್ನಿನಷ್ಟು ಜಾಸ್ತಿ ಇದೆ,” ಎನ್ನುವಳು. ಮೈಗೆ ಸರಿಹೊಂದುತ್ತದೋ ಎಂದು ದಿನಕ್ಕೆ ಹತ್ತು ಸಲ ಹೆಗಲಿಗೆ ಏರಿಸಿ ನೋಡುವಳು. ಆ ವರ್ಷದ ಸೆಕೆ ಹೇಳಲಾಗದು. ತೋಳಿಲ್ಲದ ತೆಳು ಫ್ರಾಕು ತೊಟ್ಟುಕೊಂಡು, ಬೆವರೊರೆಸಿಕೊಳ್ಳುತ್ತಾ, ಅಡುಗೆಮನೆಯ ಗಡಿಯಾರಕ್ಕೆ ಗುರಿ ಹಿಡಿದು ನಿಲ್ಲುತ್ತಿದ್ದಳು. ಕೋವಿ ಬೆಣ್ಣೆಯಂತೆ ಜಾರಿ ಹೆಗಲಲ್ಲಿ ಕೂರುತ್ತಿತ್ತು.

ಎಣ್ಣೆ ತಿಕ್ಕಿ ಮುಗಿಸಿದ ದಿನ ಐದೂಮುಕ್ಕಾಲು ಪೌಂಡು. “ಎತ್ತಿ ನೋಡು,” ಎಂದು ನನ್ನ ಕೈಗಿಟ್ಟಳು. ನನ್ನ ಕಬ್ಬಿಣದ ಬಾಣಲೆ ಅದಕ್ಕಿಂತ ಭಾರ.

ಬೇಟೆಯ ಹಿಂದಿನ ಭಾನುವಾರ ಮಧ್ಯಾಹ್ನ ಆರ್ವಿಲಾ ಹಾಸಿಗೆ ಸುರುಳಿ ಕಂಕುಳಲ್ಲಿ, ಕೋವಿ ಹೆಗಲಲ್ಲಿ, ಬೇಟೆಮನೆಯ ಬಾಗಿಲು ತಳ್ಳಿಕೊಂಡು ಬಂದಳು. ಅವಳ ಮಂಚದ ಮೇಲೆ ಡೆಲ್ಮರ್ ತನ್ನ ಚೀಲ ಇಟ್ಟಿದ್ದ. ಅವಳು ಅದನ್ನೆತ್ತಿ ನೆಲಕ್ಕಿಟ್ಟು ಹಾಸಿಗೆ ಬಿಚ್ಚಿದಳು. ಅವನು ಕಾಫಿಯ ಲೋಟವನ್ನೇ ನೋಡುತ್ತಾ ಕೂತ. ಹೊರಗೆ ಹೋಗು ಎನ್ನುವ ಧೈರ್ಯವೂ ಬರಲಿಲ್ಲ, ಬಾ ಎನ್ನುವ ಮನಸ್ಸೂ ಬರಲಿಲ್ಲ.

ಎಲ್ಲರಿಗಿಂತ ಹಿರಿಯನಾದ ಕ್ಲೀಟಸ್ ಕೋವಿಯನ್ನು ಎರಡು ಬೆರಳಲ್ಲಿ ಎತ್ತಿ, “ಏನಮ್ಮಾ ಇದು, ಕೋವಿನಾ, ಮೀನು ಹಿಡಿಯೋ ಕೋಲಾ?” ಅಂದ.

“ಬಾಯಿ ತೆಕ್ಕೊಂಡು ಬಂಡೆ ಹತ್ರ ಬಂದು ನಿಂತ್ಕೋ. ಯಾವುದು ಅಂತ ಗೊತ್ತಾಗುತ್ತೆ.”

ಎಲ್ಲರೂ ನಕ್ಕರು. ಡೆಲ್ಮರ್ ನಗಲಿಲ್ಲ.

ಸೋಮವಾರ ಬೆಳಗ್ಗೆ ಮಂಡಿಯುದ್ದ ಹಿಮ. ಬಕ್‌ವೀಟ್ ಹಿಟ್ಟಿನ ದಪ್ಪ ದೋಸೆ ತಿಂದು ಎಲ್ಲರೂ ಹೊರಟರು. ಆರ್ವಿಲಾ ಒಳಗೆ ಎರಡು ಅಂಗಿ, ಮೇಲೆ ಕಂಬಳಿಯಂಥ ದಪ್ಪನೆಯ ಚೌಕಳಿ ಕೋಟು ತೊಟ್ಟು, ಯಾರ ಕೈಯನ್ನೂ ಆಸರೆಗೆ ಹಿಡಿಯದೆ ಹತ್ತಿದಳು. ಒಂಬತ್ತು ಗಂಟೆಯ ಹೊತ್ತಿಗೆ ಬಂಡೆಯ ಕಡೆಯಿಂದ ಒಂದೇ ಒಂದು ಈಡಿನ ಸದ್ದು ಕೇಳಿಸಿತು. ನಾನು ಬೀನ್ಸ್ ಬಿಡಿಸುತ್ತಿದ್ದವಳು ಎದ್ದು ನಿಂತೆ.

ಸಂಜೆ ಬರಿಗೈಯಲ್ಲಿ ಬಂದಳು. ಕೋಟು ಬಿಚ್ಚುವ ಮೊದಲೇ ನಾನು ಕೇಳಿದೆ, “ಏನಾಯ್ತು ಅತ್ತಿಗೆ?”

“ಒಳ್ಳೇ ಕೊಂಬಿನ ಗಂಡು. ಮೂವತ್ತು ಹೆಜ್ಜೆ ಇರಲಿಲ್ಲ. ಕೋವಿ ಎತ್ತಿದೆ, ಹಿಂದಿನ ತುದಿ ಕೋಟಿಗೆ ಸಿಕ್ಕಿ ಕಂಕುಳಲ್ಲೇ ನಿಂತ್ಬಿಡ್ತು. ಈಡು ಮರದ ತುದಿಗೆ ಹೋಯ್ತು.” ಕೋಟಿನ ಗುಂಡಿ ಬಿಚ್ಚುತ್ತಾ ತನ್ನನ್ನು ತಾನೇ ಬೈದುಕೊಂಡಳು. “ಜುಲೈ ತಿಂಗಳಲ್ಲಿ, ಫ್ರಾಕು ಹಾಕ್ಕೊಂಡು ಅಳತೆ ತೆಗೆದೆ ಕಣೇ. ಈ ಕೋಟಿನ ದಪ್ಪ ಲೆಕ್ಕಕ್ಕೇ ತಗೊಳ್ಳಲಿಲ್ಲ. ಒಂದು ಇಂಚು ಉದ್ದ ಆಗಿದೆ. ಪೆದ್ದಿ!”

ನಮ್ಮ ಬೇಟೆಮನೆಗಳಲ್ಲಿ ಒಂದು ರೂಢಿ. ಗುರಿ ತಪ್ಪಿಸಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ, ಹೆಸರು, ತಾರೀಖು ಬರೆದು ಗೋಡೆಗೆ ಮೊಳೆ ಹೊಡೆಯುವುದು. ಊಟವಾದ ಮೇಲೆ ಕ್ಲೀಟಸ್ ಗೂಟದಿಂದ ಕತ್ತರಿ ತೆಗೆದು ಡೆಲ್ಮರ್ ಮುಂದಿಟ್ಟ. ಮಾವನ ನಂತರ ಕತ್ತರಿಸುವ ಕೆಲಸ ಅವನದು.

ಡೆಲ್ಮರ್ ಕತ್ತರಿಯನ್ನು ಪಕ್ಕಕ್ಕೆ ತಳ್ಳಿದ. “ಅಕ್ಕನದು ಬೇಡ. ಹುಷಾರಿಲ್ಲದೋಳು. ಬಿಟ್ಬಿಡಿ.”

ಕರುಣೆಯ ಮಾತಿನಂತೆಯೇ ಇತ್ತು. ಆದರೆ ಆ ಗೋಡೆಯ ಮೇಲೆ ಬೇಟೆಗಾರರ ಅಂಗಿ ಮಾತ್ರ ಇರುವುದು. ಅಡುಗೆಯವಳದ್ದಿಲ್ಲ, ನೆಂಟರದ್ದಿಲ್ಲ. ಬಿಟ್ಟುಬಿಡಿ ಎಂದರೆ ಅವಳನ್ನು ಈ ಮನೆಯಿಂದ ಬಿಟ್ಟಂತೆಯೇ. ಅಲ್ಲಿದ್ದ ಎಲ್ಲರಿಗೂ ಅದು ಅರ್ಥವಾಯಿತು.

ಆರ್ವಿಲಾ ಎದ್ದಳು. ಪ್ಯಾಂಟಿನೊಳಗಿನಿಂದ ಅಂಗಿಯನ್ನು ಎಳೆದು, ತಮ್ಮನಿಗೆ ಬೆನ್ನು ತಿರುಗಿಸಿ ನಿಂತಳು.

“ಕತ್ತರಿಸು.”

“ಅಕ್ಕಾ, ಕೂತ್ಕೋ.”

“ನಿನ್ನ ಅಂಗಿ ಮೂರು ಸಲ ಕತ್ತರಿಸಿದಾರೆ. ಮೂರನೇ ಸಲ ಅತ್ತಿದ್ದೆ ನೀನು, ಇಪ್ಪತ್ತೈದು ವರ್ಷದ ಗಂಡಸು. ಆವಾಗ ಹುಷಾರಿಲ್ಲ ಅಂತ ಯಾರಾದ್ರೂ ಬಿಟ್ರಾ? ನಾನು ಬೆಟ್ಟ ಹತ್ತಿದೀನಿ, ನನ್ನ ಕೋವಿ ಹೊತ್ತಿದೀನಿ, ನನ್ನ ಗುರಿ ತಪ್ಪಿಸಿದೀನಿ. ಕತ್ತರಿಸು. ಇಲ್ಲಾ, ಇವಳು ಬೇಟೆಗಾರ್ತೀನೇ ಅಲ್ಲ ಅಂತ ಇಷ್ಟು ಜನರ ಮುಂದೆ ಬಾಯಿಬಿಟ್ಟು ಹೇಳು.”

ಅವನು ಮೇಜಿನ ಕಡೆ ತಿರುಗಿದ. ಕತ್ತರಿ ತೆಗೆದುಕೊಂಡ. ಒಳ್ಳೆಯ ಅಂಗಿ ಅದು, ಕಾರ್ಖಾನೆ ಬಿಡುವಾಗ ಜೊತೆಯವರು ಕೊಟ್ಟದ್ದು. ಚರಚರ ಎಂದು ಕತ್ತರಿಸಿದ. ಕ್ಲೀಟಸ್ ಮೊಳೆ ಹೊಡೆದ.

“ಐಡಾ, ಮಾಂಸ ಕೊಯ್ಯೋ ಗರಗಸ ಕೊಡು,” ಅಂದಳು ಆರ್ವಿಲಾ, ಅಂಗಿಯನ್ನು ಒಳಗೆ ಸೇರಿಸದೆಯೇ.

ಊಟದ ಮೇಜಿನ ಮೇಲೆ ಕೋವಿ ಮಲಗಿಸಿ, ತೋಟಾ ಇಲ್ಲವೆಂದು ಎರಡು ಸಲ ನೋಡಿ, ಹೆಗಲಿಗೆ ಆನಿಸುವ ತುದಿಯಿಂದ ಒಂದು ಇಂಚಿಗೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದಳು. ಗರಗಸ ಇಟ್ಟಳು. ಎಡಗೈಗೆ ಮರ ನಿಲ್ಲಲಿಲ್ಲ, ಜಾರಿತು. ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ಜಾರಿತು. ಅವಳು ಯಾರನ್ನೂ ಕರೆಯಲಿಲ್ಲ. ಮೂರನೆಯ ಸಲ ಇಡುವಾಗ ಡೆಲ್ಮರ್ ಬಂದು ಎರಡೂ ಕೈಯಿಂದ ಕೋವಿಯನ್ನು ಮೇಜಿಗೆ ಒತ್ತಿ ಹಿಡಿದ.

“ಅಪ್ಪ ನೋಡಿದ್ರೆ...” ಅಂದ.

“ಅಪ್ಪ ನೋಡಿದ್ರೆ, ನೆಟ್ಟಗೆ ಹಿಡಿಯೋ ಅಂತ ನಿನಗೆ ಬೈಯೋರು. ನೆಟ್ಟಗೆ ಹಿಡಿ.”

ಮಂಗಳವಾರ ಏನೂ ಸಿಗಲಿಲ್ಲ. ಬುಧವಾರ ಗಾಳಿ. ಗುರುವಾರ ಹತ್ತು ಗಂಟೆಗೆ ಒಂದು ಈಡು ಕೇಳಿಸಿತು. ಚಳಿಗೆ ಬೇಗ ಇಳಿದು ಬಂದ ಡೆಲ್ಮರ್ ಒಳಗೆ ತಿನ್ನುತ್ತಾ ಕೂತಿದ್ದ. ಮುಕ್ಕಾಲು ಗಂಟೆಯ ಮೇಲೆ ಆರ್ವಿಲಾ ಒಬ್ಬಳೇ ಇಳಿದು ಬಂದು, ಬಾಗಿಲು ತೆರೆದು, ಹಿಮದ ಬೂಟಿನಲ್ಲೇ ಹೊಸ್ತಿಲ ಮೇಲೆ ನಿಂತಳು. ಕೋವಿಯ ಒದೆಗೆ ತುಟಿ ಒಡೆದು ಗದ್ದದವರೆಗೆ ರಕ್ತ ಇಳಿದಿತ್ತು. ಒರೆಸಿಕೊಂಡಿರಲಿಲ್ಲ.

“ಲೋ ಡೆಲ್ಮರ್, ಏಳು. ಎಳ್ಕೊಂಡು ಬರೋಕೆ ಒಂದು ಜೊತೆ ಕೈ ಬೇಕು,” ಅಂದಳು. “ಹೊಡೆಯೋ ಕೆಲಸ ನಂದು ಮುಗೀತು.”

ಅವನು ತಿನ್ನುತ್ತಿದ್ದದ್ದನ್ನು ಅಲ್ಲೇ ಬಿಟ್ಟು ಹಗ್ಗ ಹುಡುಕತೊಡಗಿದ.